ಯವನರ ಪೂರ್ವಪಕ್ಷ

ಅಳಿಯನ ಉದ್ಯೋಗದ ನಿಮಿತ್ತ ಮಗಳು ಒಮಾನಿನಲ್ಲಿದ್ದಳು. ಮಗಳ ನಿಮಿತ್ತ ನಾನಿದ್ದೆ. ಮಸ್ಕತ್ತಿನ ವಾದಿ ಅದಾಯ್ ಬಡಾವಣೆಯ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ ನಮ್ಮ ಮನೆ. ಕೆಳಗೆ ವಾಹನಗಳ ತಗಡು ಬಡಿಯುವ ಗ್ಯಾರೇಜುಗಳ ಸಾಲು, ಎದುರಿಗೆ ಹುಲ್ಲಿನ ಎಸಳೂ ಇಲ್ಲದ ಕಂದು ಗುಡ್ಡ. ಬೆಳಗಿನ ಅರ್ಘ್ಯಕ್ಕೆಂದು ಬಾಲ್ಕನಿಯಲ್ಲಿ ನಿಂತರೆ ಸೂರ್ಯನಾರಾಯಣನು ಆ ಗುಡ್ಡವನ್ನು ಏರಿ ಬರುವವರೆಗೆ ಕಾಯಬೇಕಾಗುತ್ತಿತ್ತು. ನನಗೆ ಅದು ಕಷ್ಟವೆನಿಸಲಿಲ್ಲ. ಚಿಕ್ಕಂದಿನಲ್ಲಿ ಪಾಠಶಾಲೆಯ ನೆಲದ ಮೇಲೆ ಕುಳಿತು ವ್ಯಾಕರಣವನ್ನೂ ತರ್ಕವನ್ನೂ ಓದಿದವನು ನಾನು; ಒಂದೇ ಸೂತ್ರದ ಮುಂದೆ ವಾರಗಟ್ಟಲೆ ಕೂರಿಸುತ್ತಿದ್ದ ಗುರುಗಳ ಕೈಯಲ್ಲಿ ಬೆಳೆದವನು. ಆಮೇಲೆ ಧಾರವಾಡದ ಕಡೆಯ ಪ್ರೌಢಶಾಲೆಯೊಂದರಲ್ಲಿ ಸಂಸ್ಕೃತ ಕಲಿಸಿ ನಿವೃತ್ತನಾದೆ. ನಾನು ಹೇಳಹೊರಟಿರುವುದು ಎರಡು ಸಾವಿರದ ಇಸವಿಯ ನಂತರದ ಮೊದಲ ದಶಕದ ಮಾತು. ಆಗ ಅಲ್ಲಿ ವಾರದ ರಜೆ ಗುರುವಾರ, ಶುಕ್ರವಾರ.

ನಮ್ಮ ಎದುರು ಬಾಗಿಲಿನಲ್ಲಿ ದಕ್ಷಿಣ ಕನ್ನಡದ ಕರಾವಳಿಯಿಂದ ಬಂದ ಬ್ಯಾರಿ ಕುಟುಂಬವೊಂದಿತ್ತು. ಯಜಮಾನನಿಗೆ ಅದೇ ಕಟ್ಟಡದ ಕೆಳಗೆ ವಾಹನಗಳ ಬಿಡಿಭಾಗಗಳ ಅಂಗಡಿ. ಆತನ ಹೆಂಡತಿ, ಮೂವತ್ತು ದಾಟಿದ ಹೆಣ್ಣುಮಗಳು, ಒಂದು ಸಣ್ಣ ಶಾಲೆಯಲ್ಲಿ ಎಳೆಯ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದಳು. ಪದವಿ ಇಲ್ಲದವರನ್ನು ಮುಂದಿನ ವರ್ಷದಿಂದ ಇಟ್ಟುಕೊಳ್ಳುವುದಿಲ್ಲವೆಂದು ಶಾಲೆಯವರು ಹೇಳಿಬಿಟ್ಟಿದ್ದರು. ಆಕೆ ಅಂಚೆಯ ಮೂಲಕ ಬಿ.ಎ. ಓದಿ, ರಜೆಯಲ್ಲಿ ಊರಿಗೆ ಹೋದಾಗ ಪರೀಕ್ಷೆ ಬರೆದು, ಒಂದೊಂದೇ ಪತ್ರಿಕೆಯನ್ನು ದಾಟಿ ಬಂದಿದ್ದಳು. ಉಳಿದದ್ದು ರಾಜಕೀಯ ಚಿಂತನೆಯ ಒಂದೇ ಪತ್ರಿಕೆ. ಅದರ ಅರ್ಧಭಾಗ ಪ್ರಾಚೀನ ಗ್ರೀಕರು, ಅವರ ಪ್ರಭುತ್ವದ ಬಗೆಗಳು, ಅವರ ನಾಗರಿಕತ್ವ. ಅದರಲ್ಲಿ ಎರಡು ಬಾರಿ ನಪಾಸಾಗಿದ್ದಳು. ಮೂರನೆಯ ಬಾರಿಯೂ ಹೋದರೆ ನೋಂದಣಿಯ ಅವಧಿ ಮುಗಿದು, ಪಾಸಾದ ಪತ್ರಿಕೆಗಳೂ ಲೆಕ್ಕಕ್ಕೆ ಬಾರದೆ, ಕೈಯಲ್ಲಿದ್ದ ತರಗತಿಯೂ ಹೋಗುತ್ತಿತ್ತು.

ಒಂದು ಶುಕ್ರವಾರ ಬೆಳಿಗ್ಗೆ ಗಂಡನೇ ಆಕೆಯನ್ನು ಕರೆತಂದ.

"ಮಾಷ್ಟ್ರೇ, ಇವಳಿಗೆ ಸ್ವಲ್ಪ ಗ್ರೀಕರನ್ನು ಹೇಳಿಕೊಡಬೇಕಿತ್ತು," ಎಂದ, ಒಂದು ಹಿಡಿ ಕರಿಬೇವು ಕೇಳುವವನ ಹಾಗೆ. "ನನಗೆ ಗೇರ್‌ಬಾಕ್ಸ್ ಬಿಟ್ಟರೆ ಬೇರೆ ಎಂತದೂ ಗೊತ್ತಿಲ್ಲ."

"ನನಗೂ ಗ್ರೀಕರ ಪರಿಚಯ ಇಲ್ಲಲ್ಲಪಾ," ಎಂದೆ.

"ಅಡ್ಡಿಯಿಲ್ಲ. ಗ್ರೀಕರ ಪರಿಚಯ ಇವಳಿಗೆ ಉಂಟು. ಪುಸ್ತಕದ ಕನ್ನಡದ ಪರಿಚಯ ಇಲ್ಲ."

ಪುಸ್ತಕ ತೆರೆದು ನೋಡಿದೆ. ನ್ಯಾಯನಿರ್ಣಯಾಧಿಕಾರ, ಅಲ್ಪಜನಪ್ರಭುತ್ವ, ನಿರಂಕುಶಪ್ರಭುತ್ವ, ಹೀಗೆ ಪುಟದ ತುಂಬ ಸಮಾಸಗಳು. ಗ್ರೀಕರು ಗೊತ್ತಿರಲಿಲ್ಲ, ಸಮಾಸ ಬಿಡಿಸುವುದು ಗೊತ್ತಿತ್ತು. ಒಪ್ಪಿಕೊಂಡೆ. ವಾರದ ದಿನಗಳಲ್ಲಿ ಇಳಿಹೊತ್ತಿನ ಅಸರ್ ನಮಾಜಿನ ನಂತರ ಆಕೆ ಬರುವುದೆಂದೂ, ಮಗ್ರಿಬಿನ ಬಾಂಗ್ ಕೇಳಿದೊಡನೆ ಏಳುವುದೆಂದೂ ಗೊತ್ತಾಯಿತು. ನನ್ನ ಸಾಯಂಸಂಧ್ಯೆಯ ಹೊತ್ತೂ ಅದೇ ಆದ್ದರಿಂದ ಪಾಠವನ್ನು ಮುಗಿಸಲು ಗಡಿಯಾರ ನೋಡಬೇಕಾಗುತ್ತಿರಲಿಲ್ಲ.

ಮೊದಲ ದಿನ ನಾನು ನನ್ನ ಪದ್ಧತಿಯಂತೆಯೇ ಆರಂಭಿಸಿದೆ. ನಮ್ಮ ಹಳೆಯ ಗ್ರಂಥಗಳಲ್ಲಿ ಗ್ರೀಕರಿಗೆ ಇರುವ ಹೆಸರು ಯವನರು. ಆ ಶಬ್ದ ನನ್ನ ನಾಲಗೆಗೆ ಎಷ್ಟು ರೂಢಿಯೆಂದರೆ ಬೇರೆ ಶಬ್ದ ಹೊಳೆಯಲೇ ಇಲ್ಲ.

"ನೋಡವಾ, ಯವನರೊಳಗ ಪ್ರಭುತ್ವ ಆರು ಬಗಿ. ಮೂರು ಛಲೋ, ಮೂರು ಕೆಟ್ಟು ಹೋದವು. ಯವನರಿಗೆ ತಮ್ಮ ಊರಂದ್ರ ಭಾಳ ಅಭಿಮಾನ. ಹೊರಗಿನವರನ್ನ ಒಳಗ ಸೇರಿಸ್ತಿರಲಿಲ್ಲ. ಹೆಂಗಸರಿಗೆ ಸಭಾದೊಳಗ ಮಾತಿಲ್ಲ."

ಬರೆದುಕೊಳ್ಳುತ್ತಿದ್ದವಳು ಪೆನ್ನು ನಿಲ್ಲಿಸಿದಳು.

"ಮಾಷ್ಟ್ರೇ, ಬೇಜಾರು ಮಾಡ್ಬೇಡಿ. ಯವನರು ಅಂದ್ರೆ ನಮ್ಮವರಲ್ವಾ?"

"ನಿಮ್ಮವರಂದ್ರ?"

"ನಾವು. ಮುಸ್ಲಿಮರು. ಶಾಲೆಯಲ್ಲಿ ಹಳೇ ರಾಜರ ಪಾಠ ಬರುವಾಗ ಯವನರು ಬಂದರು, ಯವನರು ಹೋದರು ಅಂತ ಇರ್ತಿತ್ತಲ್ಲ. ಇಡೀ ಕ್ಲಾಸು ತಿರುಗಿ ನನ್ನನ್ನೇ ನೋಡ್ತಿತ್ತು."

ಅಡುಗೆಮನೆಯಲ್ಲಿದ್ದ ನನ್ನ ಮಗಳು ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಅಪ್ಪಾ, ಮೊದಲನೇ ದಿನಾನ ಆಕಿನ್ನ ಗ್ರೀಸಿಗೆ ಕಳಿಸಿಬಿಟ್ರಿ?"

ಶಬ್ದದ ಚರಿತ್ರೆಯನ್ನು ಹೇಳಿದೆ. ಗ್ರೀಕರಲ್ಲೇ ಒಂದು ಪಂಗಡದವರಿಗಿದ್ದ ಹೆಸರು ಪಾರಸಿಕರ ಬಾಯಿಯಲ್ಲಿ ರೂಪ ಬದಲಿಸಿ ನಮ್ಮಲ್ಲಿಗೆ ಬಂದು ಯವನವಾಯಿತು. ಮೊದಲು ಗ್ರೀಕರಿಗಷ್ಟೇ ಸಲ್ಲುತ್ತಿದ್ದದ್ದು ಕಾಲಾಂತರದಲ್ಲಿ ಪಶ್ಚಿಮದಿಂದ ಬಂದವರಿಗೆಲ್ಲ ಸಂದಿತು. ಆಕೆ ಗಮನವಿಟ್ಟು ಕೇಳಿದಳು.

"ಪಶ್ಚಿಮದಿಂದ ಬಂದವರಿಗೆಲ್ಲವಾ?"

"ಹೌದು."

"ಹಾಗಾದ್ರೆ ಮಸ್ಕತ್ತಿನಿಂದ ಊರಿಗೆ ಹೋಗಿ ಇಳಿಯುವಾಗ ನೀವೂ ಯವನರೇ ಮಾಷ್ಟ್ರೇ."

ಅಂದು ಸಂಧ್ಯಾವಂದನೆಯಲ್ಲಿ ಸಂಕಲ್ಪ ಹೇಳುವಾಗಲೂ ನನಗೆ ನಗು ಬಂದಿತ್ತು. ಎದುರು ಮನೆಯಲ್ಲಿಯೂ ಆ ಹೆಸರು ನಿಂತಿತು. ಮರುದಿನದಿಂದ ಗಂಡ ಬಾಗಿಲಲ್ಲಿ ನಿಂತು, "ಯವನರ ಪಾಠಕ್ಕೆ ಹೊತ್ತಾಯ್ತು," ಎಂದು ಕೂಗತೊಡಗಿದ.

ಶಬ್ದಗಳು ಬೇಗನೆ ಬಿಡಿಸಿಕೊಂಡವು. ಆಕೆ ಚುರುಕು, ಸಮಾಸವನ್ನು ಒಡೆದು ಕೊಟ್ಟರೆ ಅರ್ಥವನ್ನು ತಾನೇ ಕೂಡಿಸುತ್ತಿದ್ದಳು. ಒಬ್ಬನ ಆಳ್ವಿಕೆ, ಕೆಲವರ ಆಳ್ವಿಕೆ, ಹಲವರ ಆಳ್ವಿಕೆ ಎಂದು ಮೂರು. ಎಲ್ಲರ ಹಿತಕ್ಕಾಗಿ ನಡೆದರೆ ಮೂರೂ ಒಳ್ಳೆಯವು, ಆಳುವವರ ಹಿತಕ್ಕಾಗಿ ನಡೆದರೆ ಮೂರೂ ಕೆಟ್ಟವು. ಗ್ರೀಕರ ಒಬ್ಬ ದೊಡ್ಡ ತತ್ತ್ವಜ್ಞಾನಿ ಮಾಡಿಟ್ಟ ವಿಂಗಡಣೆಯಿದು. ಇಷ್ಟು ಸರಳವಾದದ್ದರಲ್ಲಿ ಆಕೆ ಎರಡು ಬಾರಿ ಎಡವಿದ್ದು ಹೇಗೆಂದು ನನಗೆ ತಿಳಿಯಲಿಲ್ಲ. ಪರೀಕ್ಷೆಯಲ್ಲಿ ಬರೆದಂತೆಯೇ ಬಾಯಿಯಲ್ಲಿ ಹೇಳೆಂದೆ. ರಾಜಪ್ರಭುತ್ವ ಸರಿಯಾಗಿ ಬಂತು, ಕುಲೀನಪ್ರಭುತ್ವ ಸರಿಯಾಗಿ ಬಂತು. ಹಲವರ ಆಳ್ವಿಕೆಗೆ ಬಂದಾಗ ಒಳ್ಳೆಯದು ಪ್ರಜಾಪ್ರಭುತ್ವ ಎಂದಳು.

"ಅಲ್ಲಲ್ಲ. ಅವನ ಪ್ರಕಾರ ಹಲವರದು ಛಲೋ ಇದ್ದರ ಅದಕ್ಕ ಪಾಲಿಟಿ ಅಂತ ಬ್ಯಾರೆ ಹೆಸರದ. ಕೆಟ್ಟದ್ದಕ್ಕ ಪ್ರಜಾಪ್ರಭುತ್ವ. ಇಲ್ಲೇ ಪುಸ್ತಕದಾಗ ಅದ ನೋಡು."

"ಗೊತ್ತುಂಟು."

"ಗೊತ್ತಿದ್ದೂ?"

"ಗೊತ್ತಿದ್ದೇ ಮಾಷ್ಟ್ರೇ. ಎರಡು ಸಲವೂ ಗೊತ್ತಿದ್ದೇ ಬರೆದದ್ದು." ಆಕೆ ಪುಸ್ತಕವನ್ನು ಮುಚ್ಚಿದಳು. "ನನ್ನ ಉಮ್ಮ ಓದಿದವರಲ್ಲ. ಆದ್ರೆ ವೋಟಿನ ದಿವಸ ಬೆಳಗ್ಗೆ ಎದ್ದು, ಮದುವೆಗೆ ಹೋಗುವವರ ಹಾಗೆ ಹೊರಟು, ಲೈನಿನಲ್ಲಿ ಎಲ್ಲರಿಗಿಂತ ಮುಂಚೆ ನಿಲ್ಲುವುದು. ಅವರು ಮಾಡುವುದು ಕೆಟ್ಟ ಆಡಳಿತ ಅಂತ ನಾನು ನನ್ನ ಕೈಯಾರೆ ಹೇಗೆ ಬರೆಯುವುದು? ಸುಳ್ಳು ಬರೆದು ಪಾಸಾಗಲಿಕ್ಕೆ ನನಗೆ ಆಗುವುದಿಲ್ಲ."

ಆಕೆಯನ್ನು ಕರೆಯಲು ಬಂದು ನಿಂತಿದ್ದ ಗಂಡ ಬಾಗಿಲಿನಿಂದಲೇ ಹೇಳಿದ: "ನೋಡಿದಿರಾ? ಇವಳಿಗೆ ತಾನು ಪಾಸಾಗುವುದಕ್ಕಿಂತ ಗ್ರೀಕರನ್ನು ಫೇಲ್ ಮಾಡುವುದು ಮುಖ್ಯ."

ನನಗೆ ನಗಲು ಆಗಲಿಲ್ಲ. ಒಂದು ಪತ್ರಿಕೆಯ ಮೇಲೆ ಜೀವನ ನಿಂತಿರುವಾಗಲೂ ಸುಳ್ಳು ಬರೆಯಲಾರೆ ಎನ್ನುವವರನ್ನು ನಾನು ಪಾಠಶಾಲೆಯಲ್ಲಿಯೂ ಹೆಚ್ಚಾಗಿ ಕಂಡಿರಲಿಲ್ಲ. ಆ ಹಟವನ್ನು ಮುರಿಯಬಾರದು. ಅದಕ್ಕೊಂದು ದಾರಿ ತೋರಿಸಬೇಕು. ರಾತ್ರಿ ಊಟಕ್ಕೆ ಕುಳಿತಾಗ ಉತ್ತರ ಹೊಳೆಯಿತು. ಅದು ನನ್ನ ಗುರುಗಳದೇ ಉತ್ತರವಾಗಿತ್ತು.

ಮರುದಿನ ಹೇಳಿದೆ: "ನಮ್ಮ ಶಾಸ್ತ್ರದೊಳಗ ಒಂದು ಪದ್ಧತಿ ಅದ. ಯಾವ ಮಾತನ್ನ ನೀನು ಒಪ್ಪೂದಿಲ್ಲೋ ಅದನ್ನ ಮೊದಲು ನೀನ ಹೇಳಬೇಕು. ಅದಕ್ಕ ಪೂರ್ವಪಕ್ಷ ಅಂತಾರ. ಅದನ್ನ ಅರೆಬರೆ ಹೇಳಿದ್ರ ನಡಿಯೂದಿಲ್ಲ. ಎದುರಿನವನ ಬಂದು ಕೂತರ, ನಾನೂ ಇಷ್ಟು ಛಂದ ಹೇಳ್ತಿರಲಿಲ್ಲ ಅಂತ ತಲಿ ತೂಗಬೇಕು. ಆಮ್ಯಾಲೆ ನಿನ್ನ ಮಾತು. ಅದು ಸಿದ್ಧಾಂತ."

"ಒಪ್ಪದ್ದನ್ನು ಹೇಳಿದ್ರೆ ಸುಳ್ಳಾಗುವುದಿಲ್ವಾ?"

"ನಮ್ಮ ಆಚಾರ್ಯರು ತಾವು ಒಪ್ಪದ ಮತಾನ ಪುಟಗಟ್ಟಲೆ ಬರದಾರ. ಸುಳ್ಳು ಬರದ್ರು ಅಂತ ಇವತ್ತಿನ ತನಕ ಯಾರೂ ಅಂದಿಲ್ಲ. ಪರೀಕ್ಷಾದವರು ಕೇಳೂದು ಅವನ ಮಾತು ಏನು ಅಂತ. ನಿನ್ನ ಪ್ರಮಾಣ ಕೇಳಿಲ್ಲ."

"ವಕೀಲರ ಹಾಗಾ?"

"ವಕೀಲ ಗೆಲ್ಲಲಿಕ್ಕೆ ಹೇಳ್ತಾನ. ನೀನು ತಿಳಕೊಳ್ಳಲಿಕ್ಕೆ ಹೇಳು."

ಆಕೆ ಎರಡು ದಿನ ಪಾಠಕ್ಕೆ ಬರಲಿಲ್ಲ. ಮೂರನೆಯ ದಿನ ಬಂದು ಕುಳಿತು, "ಇವತ್ತು ನಾನೇ ಪೂರ್ವಪಕ್ಷ. ಮುಗಿಯುವವರೆಗೆ ನೀವು ಎಂತದೂ ಹೇಳ್ಬೇಡಿ," ಎಂದಳು. ಕೆಳಗೆ ತಗಡು ಬಡಿಯುತ್ತಲೇ ಇತ್ತು. ಅದರ ಮೇಲೆ ದನಿಯೇರಿಸಿ ಆ ತತ್ತ್ವಜ್ಞಾನಿಯಾಗಿ ಮಾತನಾಡಿದಳು. ಸಿರಿವಂತರು ಕೆಲವರು ಸೇರಿ ತಮಗಾಗಿ ಆಳಿದರೆ ಎಷ್ಟು ಕೆಟ್ಟದ್ದೋ, ಬಡವರು ಹಲವರು ಸೇರಿ ತಮಗಾಗಿ ಮಾತ್ರ ಆಳಿದರೂ ಅಷ್ಟೇ ಕೆಟ್ಟದ್ದು. ನಾನು ತಲೆಗಳನ್ನು ಎಣಿಸುವುದಿಲ್ಲ, ಯಾರ ಹಿತಕ್ಕೆಂದು ಕೇಳುತ್ತೇನೆ ಎಂದಳು. ಮುಗಿಸಿ ನೀರು ಕುಡಿದು, ತನ್ನ ದನಿಯಲ್ಲಿ, "ಹೀಗೆ ಹೇಳಿದ್ರೆ ಅವನದ್ದೂ ಒಂದು ನ್ಯಾಯ ಉಂಟು. ಆದರೂ ನಾನು ಒಪ್ಪುವುದಿಲ್ಲ," ಎಂದಳು. ಆ ದಿನದಿಂದ ನನಗೆ ಧೈರ್ಯ ಬಂತು.

ಪುಸ್ತಕ ಸಾಲದೆನಿಸಿ ಅಳಿಯನಿಗೆ ಹೇಳಿದೆ. ಆತ ಕಚೇರಿಯ ಕಂಪ್ಯೂಟರಿನಿಂದ ಗ್ರೀಕರ ವಿಷಯವಾಗಿ ಹಾಳೆಗಳನ್ನು ತಂದು ಕೊಡುತ್ತಿದ್ದ. ಇಂಗ್ಲಿಷಿನಲ್ಲಿದ್ದುದನ್ನು ನಾನು ನಿಧಾನವಾಗಿ ಓದಿ ಇಟ್ಟುಕೊಳ್ಳುತ್ತಿದ್ದೆ. ರಮಜಾನ್ ಬಂತು. ಪಾಠ ನಿಲ್ಲಲಿಲ್ಲ. ಒಂದು ದಿನ ನನಗೆ ಏಕಾದಶಿ, ಆಕೆಗೆ ರೋಜಾ. ಇಬ್ಬರ ನಡುವೆ ಒಂದು ಲೋಟ ನೀರೂ ಇಲ್ಲದೆ ಸ್ಪಾರ್ಟದ ಇಬ್ಬರು ರಾಜರನ್ನು ಮುಗಿಸಿದೆವು. ಅಲ್ಲಿಯ ಹಿರಿಯರ ಮಂಡಳಿಗೆ ಅರವತ್ತು ದಾಟಿದವರು ಮಾತ್ರ ಅರ್ಹರೆಂದು ಓದಿದಾಗ ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಿಮಗೆ ಸೀಟು ಉಂಟು," ಎಂದಳು.

ಅಥೆನ್ಸಿನಲ್ಲಿ ಅಧಿಕಾರಕ್ಕೆ ಬರುವವನನ್ನು ಮೊದಲು ಪ್ರಶ್ನಿಸುತ್ತಿದ್ದರಂತೆ. ಆ ಪ್ರಶ್ನೆಗಳಿದ್ದ ಹಾಳೆ ಒಂದು ಶುಕ್ರವಾರ ಸಿಕ್ಕಿತು. ರಜೆಯಾದರೂ ಆಕೆಯನ್ನು ಕರೆದೆ; ಜುಮ್ಮಾ ನಮಾಜು ಮುಗಿಸಿ ಬಂದ ಗಂಡನೂ ಕುಳಿತ. ನಾನು ಓದುತ್ತ ಹೋದೆ: ನಿನ್ನ ತಂದೆ ಯಾರು, ತಂದೆಯ ತಂದೆ ಯಾರು, ತಾಯಿ ಯಾರು, ಯಾವ ಕೇರಿಯವರು?

"ಇದು ನಮ್ಮ ಪ್ರವರದ ಹಂಗ ಅದ," ಎಂದೆ. ಹಿರಿಯರಿಗೆ ನಮಸ್ಕರಿಸುವಾಗ ಋಷಿಗಳಿಂದ ಹಿಡಿದು ನಮ್ಮ ವಂಶವನ್ನು ಹೇಳಿಕೊಳ್ಳುವ ಕ್ರಮ ನಮ್ಮಲ್ಲಿದೆ. ನಿಂತಲ್ಲೇ ಹೇಳಿ ತೋರಿಸಿದೆ. ನಿನ್ನ ಮನೆದೇವರ ಗುಡಿ ಎಲ್ಲಿದೆ ಎಂಬುದಕ್ಕೂ ಉತ್ತರವಿತ್ತು. ಮುಂದಿನ ಪ್ರಶ್ನೆ: ನಿನ್ನ ಹಿರಿಯರ ಗೋರಿಗಳು ಎಲ್ಲಿವೆ?

ನಾನು ಹಾಳೆಯನ್ನು ಕೆಳಗಿಟ್ಟೆ. ನನ್ನ ಹಿರಿಯರು ಅಗ್ನಿಗೆ ಸಂದು ನದಿಯಲ್ಲಿ ಹರಿದುಹೋದವರು.

"ಮಾಷ್ಟ್ರು ಫೇಲ್," ಎಂದಳು.

"ನಮ್ಮದು ಮಸೀದಿ ಹಿಂದೆಯೇ ಉಂಟು, ಸಾಲಾಗಿ," ಎಂದ ಗಂಡ, ಉಬ್ಬಿಹೋಗಿ. ಆಮೇಲೆ ಲೆಕ್ಕ ಹಾಕಿ ಹೇಳಿದ: "ಆದ್ರೆ ಮನೆದೇವರ ಗುಡಿ ಕೇಳಿದ್ರೆ ನಾನೂ ಫೇಲ್. ಖಲಾಸ್, ಇಬ್ಬರಿಗೂ ಅಥೆನ್ಸಿನ ವೀಸಾ ಇಲ್ಲ."

ಕೊನೆಯ ಕಡೆ ಇನ್ನೊಂದು ಪ್ರಶ್ನೆಯಿತ್ತು: ತಂದೆತಾಯಿಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತೀಯಾ? ಅದನ್ನು ಓದಿದಾಗ ಮೂವರೂ ನಗಲಿಲ್ಲ. ರಾಜ್ಯದ ಬಾಗಿಲಲ್ಲಿ ನಿಂತವನನ್ನು ದೇವರ ಬಗೆಗೂ ತಾಯಿಯ ಬಗೆಗೂ ಕೇಳಿದ ಆ ಜನರ ಮೇಲೆ ನನಗೆ ಅಂದು ಗೌರವ ಮೂಡಿತು. ಅವರ ಸಭೆಯಲ್ಲಿ ನನಗೆ ಸ್ಥಳವಿರುತ್ತಿರಲಿಲ್ಲ. ಗೌರವಕ್ಕೆ ಅದು ಅಡ್ಡಿಯಾಗಲಿಲ್ಲ.

ಪಾಠದಲ್ಲಿ ಕೊನೆಗೆ ಉಳಿದದ್ದು ನಾಗರಿಕರಲ್ಲದವರ ಭಾಗ: ಹೆಂಗಸರು, ಗುಲಾಮರು, ಬಂದು ನೆಲೆಸಿದ ಪರವೂರಿನವರು. ಈ ಪರವೂರಿನವರ ವಿಷಯವನ್ನು ಆಕೆ ಬೆರಳಿಟ್ಟು ಓದಿದಳು.

"ವ್ಯಾಪಾರ ಮಾಡಬಹುದು. ಜಾಗ ತಕ್ಕೊಳ್ಳಲಿಕ್ಕಿಲ್ಲ. ಸಭೆಗೆ ಹೋಗಲಿಕ್ಕಿಲ್ಲ. ಊರಿನವನೊಬ್ಬನ ಆಸರೆಯಲ್ಲಿ ಹೆಸರು ಬರೆಸಿಕೊಂಡು ಇರಬೇಕು." ತಲೆಯೆತ್ತಿದಳು. "ಮಾಷ್ಟ್ರೇ, ಅವರಿಗೂ ಕಫೀಲ್ ಇದ್ದರಾ?"

ನಾವಿದ್ದ ದೇಶದಲ್ಲಿ ಹೊರಗಿನಿಂದ ಬಂದವನು ಯಾರ ಹೊಣೆಯ ಮೇಲೆ ಇರುತ್ತಾನೋ ಆ ಸ್ಥಳೀಯನೇ ಕಫೀಲ್. ಆಕೆಯ ಗಂಡನ ಕಫೀಲ್ ಬರ್ಕಾದ ಕಡೆಯ ವೃದ್ಧ ರೈತ. ಖರ್ಜೂರದ ಕಾಲದಲ್ಲಿ ಬುಟ್ಟಿ ಕಳಿಸುತ್ತಿದ್ದ ಸಜ್ಜನ. ಆ ಬುಟ್ಟಿಯಲ್ಲಿ ನಮ್ಮ ಮನೆಗೂ ಪಾಲು ಬರುತ್ತಿತ್ತು.

"ಇದ್ದರವಾ. ಅಷ್ಟ ಅಲ್ಲ, ಇನ್ನೊಂದು ಕೇಳು," ಎಂದು ಅಳಿಯನ ಹಾಳೆಯೊಂದನ್ನು ತೆಗೆದೆ. "ನಾಗರಿಕ ಅಂದ್ರ ಯಾರು ಅಂತ ಹೇಳಿಕೊಟ್ಟನಲ್ಲ ನಮ್ಮ ತತ್ತ್ವಜ್ಞಾನಿ, ಅವ ಸ್ವತಃ ಅಥೆನ್ಸಿನ ನಾಗರಿಕ ಅಲ್ಲ. ಉತ್ತರದ ಒಂದು ಸಣ್ಣ ಊರಿಂದ ಬಂದು, ಅಲ್ಲೇ ನೆಲೆಸಿ, ಪಾಠ ಹೇಳಿಕೊಂಡು ಇದ್ದವ."

ಆಕೆ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಪಾಪ," ಎಂದಳು. "ಹೊರಗೆ ನಿಂತುಕೊಂಡು ಬರೆದದ್ದು."

ಅಲ್ಲಿಂದ ಮುಂದೆ ಆಕೆ ಗ್ರೀಕರೊಡನೆ ಜಗಳವಾಡುವುದನ್ನು ಬಿಟ್ಟಳು. ನನ್ನೊಡನೆ ಜಗಳ ಆರಂಭವಾಯಿತು. ಹೊರಡುವ ಹಿಂದಿನ ವಾರ ಉತ್ತರಗಳನ್ನೆಲ್ಲ ಬಾಯಿಯಲ್ಲಿ ಒಪ್ಪಿಸುವಾಗ, ಕೊನೆಯಲ್ಲಿ ತನ್ನ ಮಾತನ್ನೂ ಬರೆಯುವೆನೆಂದಳು. ಬೇಡವೆಂದೆ. ಇದು ವಿದ್ವತ್ಸಭೆಯಲ್ಲ, ಪರೀಕ್ಷೆ, ಕೇಳಿದ್ದಕ್ಕಷ್ಟೇ ಅಂಕ, ಪರೀಕ್ಷಕನಿಗೆ ಕೋಪ ಬಂದರೆ ನಿನ್ನ ತರಗತಿ ಹೋಗುತ್ತದೆ ಎಂದು ಹೇಳಿದೆ.

"ಪೂರ್ವಪಕ್ಷ ಮಾತ್ರ ಹೇಳಿ ಎದ್ದು ಬಂದ್ರೆ ನಿಮ್ಮ ಗುರುಗಳು ಬಿಡ್ತಿದ್ರಾ?"

ಬಿಡುತ್ತಿರಲಿಲ್ಲ. ಎದ್ದವನನ್ನು ಮತ್ತೆ ಕೂರಿಸುತ್ತಿದ್ದರು. ಆ ಮಾತನ್ನು ಆಕೆಗೆ ಹೇಳಲೇಬೇಕಾಯಿತು.

"ಮತ್ತೆ?"

"ಮೊದಲು ಅವನದು ಪೂರ್ತಿ ಬರಿ. ಒಂದಕ್ಷರ ಕಡಿಮಿ ಆಗಬಾರದು. ಹೊತ್ತು ಉಳದರ ಕೆಳಗ ಒಂದು ಗೆರಿ ಎಳಿ. ಗೆರಿ ಕೆಳಗ ಎರಡ ವಾಕ್ಯ. ಅವನ ಮಾತು ಎಲ್ಲಿ ಮುಗೀತು, ನಿನ್ನದು ಎಲ್ಲಿ ಶುರುವಾತು, ಓದೋರಿಗೆ ಕಾಣಬೇಕು."

ಬೇಸಗೆಯ ರಜೆಯಲ್ಲಿ ಆಕೆ ತನ್ನ ಮಕ್ಕಳನ್ನು ಕರೆದುಕೊಂಡು ಊರಿಗೆ ಹೋದಳು. ಪರೀಕ್ಷೆಯ ಸಂಜೆ ತಾಯಿಯ ಮನೆಯಿಂದ ಫೋನು ಬಂತು.

"ಬಂತು ಮಾಷ್ಟ್ರೇ."

"ಏನ್ ಬಂತವಾ?"

"ಆರು ಬಗೆ ಬಂತು. ನಾಗರಿಕನೂ ಬಂದ."

"ಪ್ರಜಾಪ್ರಭುತ್ವ ಎಲ್ಲಿಟ್ಟಿ?"

"ಅವನು ಇಟ್ಟಲ್ಲೇ ಇಟ್ಟೆ." ಆ ಕಡೆಯಿಂದ ಮಳೆಯ ಸದ್ದೂ ಮಕ್ಕಳ ಗಲಾಟೆಯೂ ಕೇಳುತ್ತಿದ್ದವು. "ಮತ್ತೆ ಗೆರೆ ಎಳೆದೆ. ಗೆರೆಯ ಕೆಳಗೆ ನಾನು ಇಡುವಲ್ಲಿ ಇಟ್ಟೆ."

"ಎರಡ ವಾಕ್ಯ ಹೌದಲ್ಲೋ?"

"ಎರಡೇ. ಈ ಆರು ಬಗೆಗಳನ್ನು ಹೇಳಿದವರಿಗೆ ಆ ಊರಿನಲ್ಲಿ ಮತ ಹಾಕುವ ಹಕ್ಕು ಇರಲಿಲ್ಲ ಅಂತ ಒಂದು. ಇದ್ದಿದ್ದರೆ ಅವರು ಪ್ರಜಾಪ್ರಭುತ್ವವನ್ನು ಯಾವ ಸಾಲಿನಲ್ಲಿ ಇಡುತ್ತಿದ್ದರು ಅಂತ ಕೇಳುವ ಹಕ್ಕು, ಮತ ಇರುವ ನನಗೆ ಉಂಟು ಅಂತ ಇನ್ನೊಂದು."

ನನ್ನ ಗುರುಗಳು ಕೇಳಿದ್ದರೆ ಏನೆನ್ನುತ್ತಿದ್ದರೆಂದು ನನಗೆ ಗೊತ್ತಿತ್ತು. ಪರೀಕ್ಷಕನು ಏನೆನ್ನುತ್ತಾನೆಂದು ಗೊತ್ತಿರಲಿಲ್ಲ. ಫೋನಿಟ್ಟ ಮೇಲೆ ದೇವರ ಮುಂದೆ ಒಂದು ದೀಪ ಹೆಚ್ಚಿಗೆ ಹಚ್ಚಿದೆ.

ರಜೆ ಮುಗಿದು ಶಾಲೆ ತೆರೆಯಿತು. ಫಲಿತಾಂಶ ಬರಲಿಲ್ಲ. ಬರುವವರೆಗೆ ತರಗತಿ ನಡೆಸಲು ಶಾಲೆಯವರು ಒಪ್ಪಿದ್ದರು. ಅದರಾಚೆಗೆ ಏನನ್ನೂ ಹೇಳಿರಲಿಲ್ಲ. ಆಕೆ ದಿನವೂ ಹೋಗಿ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿ ಬರುತ್ತಿದ್ದಳು. ಆ ವಿಷಯವನ್ನು ನಾವಾರೂ ಎತ್ತುತ್ತಿರಲಿಲ್ಲ.

ಒಂದು ಸಂಜೆ ನಾನು ಜಪಕ್ಕೆ ಕುಳಿತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಆಕೆ ತನ್ನ ನಮಾಜನ್ನು ಮುಗಿಸಿಯೇ ಬಂದಿದ್ದಳು.

"ಅಪ್ಪ ಜಪಕ್ಕ ಕೂತಾರ," ಎಂದಳು ನನ್ನ ಮಗಳು. "ಏನಾತು? ನನಗರ ಹೇಳ್ರಿ."

"ಇಲ್ಲ. ಈ ಮನೆಯಲ್ಲಿ ಮಾಷ್ಟ್ರಿಗೆ ಮೊದಲು. ಮುಗಿಯಲಿ, ನಾನು ನಿಲ್ತೇನೆ."

ನಡುವೆ ಎದ್ದಿದ್ದರೆ ದೇವರು ಕ್ಷಮಿಸುತ್ತಿದ್ದನೇನೋ, ಆಕೆ ಕ್ಷಮಿಸುತ್ತಿರಲಿಲ್ಲ. ಒಂದು ಮಣಿಯನ್ನೂ ಬಿಡದೆ ಮುಗಿಸಿದೆ. ಕಣ್ಣು ತೆರೆದಾಗ ಬಾಗಿಲ ಚೌಕಟ್ಟಿಗೆ ಒರಗಿಕೊಂಡು ನಿಂತಿದ್ದಳು. ಹಿಂದೆ ಗಂಡ, ಅಂಗಡಿಯ ಎಣ್ಣೆಗೈಯನ್ನು ಒರೆಸಿಕೊಳ್ಳುತ್ತ.

"ಪಾಸ್ ಮಾಷ್ಟ್ರೇ. ದೊಡ್ಡ ಮಾರ್ಕೇನಿಲ್ಲ. ದಾಟಲಿಕ್ಕೆ ಬೇಕಾದಷ್ಟು."

"ಶಾಲಿ?"

"ಬೆಳಗ್ಗೆಯೇ ಹೇಳಿದೆ. ಇರಿ ಅಂದ್ರು."

ನಾನು ಎದ್ದು ನಿಂತೆ. ಮಂತ್ರಾಕ್ಷತೆಯ ಬಟ್ಟಲನ್ನು ಹಿಡಿದುಕೊಂಡೆ. ಅದನ್ನು ಕೊಡಬಹುದೋ ಇಲ್ಲವೋ ಎಂದು ನಾನು ಯೋಚಿಸುತ್ತಿರುವಾಗಲೇ ಆಕೆ ತಲೆಯ ಮೇಲಿನ ಬಟ್ಟೆಯನ್ನು ಸರಿಪಡಿಸಿಕೊಂಡು ಸ್ವಲ್ಪ ಬಾಗಿದಳು. ಹಾಕಿದೆ.

"ಅಲ್ಹಮ್ದುಲಿಲ್ಲಾಹ್," ಎಂದ ಗಂಡ. "ಇನ್ನು ಗ್ರೀಕರ ಕಾಟ ಮುಗಿಯಿತಲ್ಲ?"

"ಎಲ್ಲಿ ಮುಗಿಯುವುದು? ಇನ್ನು ಬಿ.ಎಡ್. ಕಟ್ಟುವುದುಂಟು," ಎಂದಳು ಆಕೆ, ತಿರುಗಿಯೂ ನೋಡದೆ. "ಅದರ ಮೊದಲನೇ ಪೇಪರಿನಲ್ಲೇ ಇದ್ದಾರಂತೆ. ಮಕ್ಕಳನ್ನು ಹೇಗೆ ಬೆಳೆಸಬೇಕು ಅಂತಲೂ ಅವರೇ ಹೇಳಿದ್ದಂತೆ."

ಗಂಡ ನನ್ನ ಮುಖವನ್ನು ನೋಡಿದ. ಆತನಿಗೆ ಸಹಾಯ ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

"ನಾಳೆ ಅಸರ್ ಆದ ಮ್ಯಾಲೆ ಬಾ," ಎಂದೆ ಆಕೆಗೆ. "ಪುಸ್ತಕ ತೊಗೊಂಡ ಬಾ."